ದುಂಡವ್ವನ ಸೆರಗಿನ ಗಂಟು

ಬಾವಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಎರೆಮಣ್ಣಿನ ಒಂದೂರಿಗೆ ಒಂದೇ ಬಾವಿ ಇತ್ತಂತೆ. ನೀರಿಗೆ ಬಂದವರು ಬಗ್ಗಿ ಏನಂದರೂ ಅದು ಅದನ್ನೇ ತಿರುಗಿ ಅನ್ನುತ್ತಿತ್ತು. ‘ಏ ತಂಗೀ’ ಅಂದರೆ ‘ಏ ತಂಗೀ’. ಬೈದರೆ ಬೈಗುಳ, ಅತ್ತರೆ ಅಳು. ಮಂದಿಯ ಮಾತು ಮಂದಿಗೆ ತಿರುಗಿಸಿ ತಿರುಗಿಸಿ ಬಾವಿಗೆ ಬ್ಯಾಸರ ಬಂತು. ಸಿಟ್ಟಿಗೆದ್ದು ನೀರನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಂಡಿತು. ಊರ ಹಿರಿಯರು ಬಂದು ಕೈಮುಗಿದರು, ಅದು ಕೇಳಲಿಲ್ಲ. ಕಡೆಗೆ ಹೂವಕ್ಕ ಅನ್ನುವ ಹುಡುಗಿ ಖಾಲಿ ಕೊಡ ಹೊತ್ತು, ಯಾಕಂತ ಕೇಳಿಯೇ ಬರುತ್ತೇನೆ ಅಂತ ಮೆಟ್ಟಿಲು ಇಳಿದಳು. ಒಂದು ಮೆಟ್ಟಿಲು ಇಳಿದರೆ ಹಿಂದಿನ ಮೆಟ್ಟಿಲು ಗೋಡೆಯೊಳಗೆ ಸೇರಿಕೊಂಡಿತು. ತಳಕ್ಕೆ ಬಂದು ತಲೆಯೆತ್ತಿದರೆ ಮೇಲೆ ರೊಟ್ಟಿಯಷ್ಟು ಆಕಾಶ, ನಡುವೆ ನುಣ್ಣನೆಯ ಗೋಡೆ. ಆಗ ಬಾವಿ ಅಂತು, ‘ನನಗ ತಿರುಗಿ ಅನ್ನಾಕ ಆಗದಂಥ ಒಂದು ಮಾತು ಹೇಳು. ಹೇಳಿದಿ ಅಂದ್ರ ನೀರೂ ಕೊಡತೇನಿ, ಮೆಟ್ಟಲಾನೂ ಕೊಡತೇನಿ. ಇಲ್ಲಂದ್ರ ನೀನೂ ಇಲ್ಲೇ ಇರು, ನಾನೂ ಇಲ್ಲೇ ಇರತೇನಿ.’

ಹೂವಕ್ಕ ಯೋಚನೆ ಮಾಡುತ್ತ ನಿಂತಳು.

ನಿಂತೇ ಉಳಿದಳು. ನಿಲ್ಲಿಸಿದಾಕೆ ನಾನು.

ಕಥೆ ಹೇಳುವುದನ್ನು ನಾನು ಕಲಿತದ್ದು ಆಯಿಯಿಂದ, ಅಂದರೆ ನಮ್ಮವ್ವನ ಅವ್ವ ಅಕ್ಕನಾಗಮ್ಮನಿಂದ. ಸಣ್ಣಾಕೆ ಇದ್ದಾಗ ಅವಳು ಹೇಳುತ್ತಿದ್ದಳು, ನಾನು ಸಾಲಿಗೊಮ್ಮೆ ಹೂಂ ಅನ್ನುತ್ತಿದ್ದೆ. ಹೂಂ ಬರದಿದ್ದರೆ ಅವಳು ಮುಂದಿನದು ಹೇಳುತ್ತಲೇ ಇರಲಿಲ್ಲ. ನನಗೆ ನಿದ್ದೆ ಹತ್ತಿ ಕಥೆ ಅರ್ಧಕ್ಕೆ ಉಳಿದರೆ ನನ್ನ ಲಂಗದ ಅಂಚಿಗೆ ಒಂದು ಗಂಟು ಹಾಕಿಡುತ್ತಿದ್ದಳು. ‘ಗಂಟ ಇರೂತನಕಾ ಕಥ್ಯಾಗಿನ ಮಂದಿ ನಿಂತಲ್ಲೇ ನಿಂತಿರತಾರ. ನೀ ಮುಟ್ಟಬ್ಯಾಡ. ಹೇಳಿದಾಕೀನ ಬಿಚ್ಚಬೇಕು,’ ಅನ್ನುತ್ತಿದ್ದಳು. ಮರುದಿನ ಸಾಲೆಯಲ್ಲಿ ಕೂತು ಆ ಗಂಟನ್ನು ಬೆರಳಲ್ಲಿ ಸವರುತ್ತ, ಅದರೊಳಗೆ ರಾಜಕುಮಾರ ಕುದುರೆಯ ಮೇಲೆ ಒಂದೇ ಕಾಲಿಟ್ಟು ನಿಂತಿದ್ದಾನೆ ಅಂತ ನೆನೆಸಿಕೊಳ್ಳುತ್ತಿದ್ದೆ.

ದೊಡ್ಡಾಕೆಯಾದ ಮೇಲೆ ಪಾಳಿ ತಿರುಗಿತು. ನಾನು ಹೇಳಿದೆ, ಆಯಿ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ಹೂಂ ಅಂದಳು. ಹೂವಕ್ಕನ ಕಥೆಯನ್ನು ಗೆಳತಿ ಶಾಹಿಸ್ತಾ ತನ್ನ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದಳು. ಅದರಲ್ಲಿ ನನ್ನ ದನಿಯ ಹಿಂದೆ ಆಯಿಯ ಹೂಂ ಇದೆ, ಅಡಕೊತ್ತಿನ ಕಟಕ್ ಸದ್ದೂ ಇದೆ. ಬಾವಿಯ ಪ್ರಶ್ನೆಗೆ ಉತ್ತರ ಏನು ಅಂತ ಆ ದಿನ ನನಗೂ ಗೊತ್ತಿರಲಿಲ್ಲ. ನಾಳೆ ಹೊಳೆಯುತ್ತದೆ ಅಂದುಕೊಂಡು, ರೂಢಿಯ ಬಾಯಿಗೆ ಬಂದಂತೆ ಮುಗಿಸಿದೆ: ‘ನಿಮ್ಮ ನಿಮ್ಮ ಸೆರಗಿಗೆ ಗಂಟ ಹಾಕ್ಕೊಳ್ರಿ. ಮುಂದಿಂದು ಹೇಳಿ ನಾನ ಬಿಚ್ಚತೇನಿ.’

ಹೊಳೆಯುವುದರೊಳಗೆ ಆಯಿ ಹೋದಳು. ಕಥೆ ಮಾತ್ರ ಊರೂರು ತಿರುಗಿತು.

ಜೋರಾಪುರ ಪೇಟೆಯಲ್ಲಿ ನಮ್ಮದು ದಾರ, ಗುಂಡಿ, ಲೇಸು ಮಾರುವ ಸಣ್ಣ ಅಂಗಡಿ. ಗಲ್ಲಾದ ಹಿಂದೆ ನಾನು, ಮೂಲೆಯಲ್ಲಿ ದಾರದ ಉಂಡೆ ಸುತ್ತುತ್ತ ಅಪ್ಪ. ಗಿರಾಕಿಗಳು ಬಣ್ಣ ಹೊಂದಿಸಲು ಬಟ್ಟೆ ಚೂರು ಹಿಡಿದು ಬರುತ್ತಿದ್ದರು, ಆಮೇಲೆ ದನಿ ತಗ್ಗಿಸಿ ಕೇಳುತ್ತಿದ್ದರು.

‘ಅಲ್ರಿ, ಆಕಿ ಹೆಂಗದಾಳ?’

‘ಯಾರ್ರಿ?’

‘ಬಾವ್ಯಾಗಿನಾಕಿ.’

ದವಾಖಾನೆಗೆ ಹಾಕಿದ ಅಕ್ಕತಂಗಿಯನ್ನು ವಿಚಾರಿಸಿದಂತೆ ಇರುತ್ತಿತ್ತು. ನಾನು ‘ಅದಾಳ್ರಿ’ ಅನ್ನುತ್ತಿದ್ದೆ. ‘ಆಗಲಿ ತಗೋರಿ, ಸಾವಕಾಶ ಆಗಲಿ,’ ಅಂದು ದಾರ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಅವ್ವನಿಗೆ ಇದು ತಲೆನೋವು. ‘ಏನದು ದೊಡ್ಡ ಪರಪಂಚ ಮಾಡಿಟ್ಟಿ. ಹಗ್ಗ ಬಿಟ್ಟು ಎತ್ತಿಬಿಡು ಅತ್ಲಾಗ.’

‘ಹಗ್ಗ ಬಿಟ್ರ ಬಾವಿ ನೀರ ಕೊಡೂದಿಲ್ಲಬೇ.’

‘ಹಂಗಿದ್ರ ಬೋರ್ ಹೊಡಸು,’ ಅಂದ ಅಪ್ಪ, ದಾರದ ಉಂಡೆಯಿಂದ ತಲೆ ಎತ್ತದೆ.

ಒಮ್ಮೆ ಸಾರವಾಡದ ಬಸ್ಸಿನಲ್ಲಿ ‘ಒಂದು ಸಾರವಾಡ’ ಅಂದೆ ಅಷ್ಟೆ. ಮುಂದಿನ ಸೀಟಿನ ಹೆಂಗಸು ಗಕ್ಕನೆ ತಿರುಗಿ, ‘ಯಶೋಧರಕ್ಕಾರ ಹೌದಲ್ರಿ? ದನಿ ಅಂದ್ರ ದನೀನ,’ ಅಂದಳು. ಇಳಿಯುವತನಕ ಅರ್ಧ ಬಸ್ಸು ನನ್ನನ್ನು ನೋಡುತ್ತ ಕೂತಿತ್ತು. ಯಾರೂ ತಕರಾರು ಮಾಡಲಿಲ್ಲ, ಸುಮ್ಮನೆ ನಗುತ್ತಿದ್ದರು. ಅವತ್ತಿನಿಂದ ಬಸ್ಸಿನಲ್ಲಿ ನಾನು ಮಾತಾಡುವುದನ್ನು ಬಿಟ್ಟೆ. ದುಡ್ಡು ಚಾಚಿ, ಊರಿನ ದಿಕ್ಕಿಗೆ ಕೈ ಮಾಡುತ್ತಿದ್ದೆ. ಪಾಪ ಮೂಕಿ ಅಂತ ಒಬ್ಬರು ಎದ್ದು ಸೀಟು ಕೊಟ್ಟರು. ಕೂತೆ.

ಬಬಲೇಶ್ವರದ ಹೆಣ್ಣುಮಕ್ಕಳ ಸಂಘದವರು ಕರೆದಿದ್ದರು. ಎರಡನೇ ಭಾಗ ಹೇಳುತ್ತಾಳೆ ಅಂತ ಚಾಪೆ ಹಾಸಿ, ಮೈಕು ಹಚ್ಚಿಸಿ ಕಾಯುತ್ತಿದ್ದರು. ಇನ್ನೂ ಆಗಿಲ್ಲ ಅಂದೆ. ಮೈಕು ಅದನ್ನು ಬೀದಿಯ ಆ ತುದಿತನಕ ಮುಟ್ಟಿಸಿತು. ಆಮೇಲೆ ಹಿರಿಯಾಕೆಯೊಬ್ಬಳು ಎದ್ದು ನನಗೆ ಉಡಿ ತುಂಬಿದಳು. ಅಕ್ಕಿ, ಕಾಯಿ, ಖಣ. ಅದರ ಮೇಲೆ ಇನ್ನೊಂದು ಖಣ ಇಟ್ಟಳು, ಹಳದಿ ಅಂಚಿನದು.

‘ಇದ್ಯಾಕ್ರಿ ಎರಡು?’

‘ಇದು ಹೂವಕ್ಕಗ. ನೀರಾಗಿಂದ ಬರತಾಳ, ಒಣದೊಂದು ಕುಪ್ಪಸ ಬೇಕಲ್ಲ.’

ಆ ಖಣವನ್ನು ಟ್ರಂಕಿನ ತಳಕ್ಕೆ ಇಟ್ಟು ಮೇಲೆ ಚಾದರ ಮುಚ್ಚಿದೆ. ಆದರೂ ಅದಿದ್ದ ಕೋಣೆಗೆ ಹೋದಾಗೆಲ್ಲ ಟ್ರಂಕು ನನ್ನನ್ನೇ ನೋಡಿದಂತಾಗುತ್ತಿತ್ತು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಈ ಮಂದಿ ಸಾವಕಾಶ, ಸಾವಕಾಶ ಅನ್ನುತ್ತಿದ್ದರು, ಪ್ರತಿ ಸಾವಕಾಶಕ್ಕೂ ನನ್ನ ಒಂದೊಂದು ಮೆಟ್ಟಿಲು ಗೋಡೆಯೊಳಗೆ ಹೋಗುತ್ತಿತ್ತು.

ಹೇಳಲು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು ಕೂರುತ್ತಿದ್ದೆ. ಹೂವಕ್ಕನ ಬಾಯಿಂದ ದೇವರ ಹೆಸರು ಹೇಳಿಸಿದೆ, ಬಾವಿ ಅದನ್ನೂ ತಿರುಗಿ ಅಂತು. ಅವ್ವನ ಹೆಸರು ಹೇಳಿಸಿದೆ, ಅದನ್ನೂ ಅಂತು. ಅವಳಿಗೆ ಸುಮ್ಮನಿರು ಅಂದೆ, ಬಾವಿಯೂ ಸುಮ್ಮನಿತ್ತು. ಶಾಹಿಸ್ತಾ ಒಂದು ಉಪಾಯ ಹೇಳಿದಳು.

‘ಆಕಿ ಕೈಸನ್ನಿ ಮಾಡಲಿ. ಬಾವಿಗೆ ಕೈ ಇಲ್ಲಲ್ಲ, ಹೆಂಗ ತಿರುಗಿ ಮಾಡತೈತಿ?’

‘ಬಾವಿ ಕೇಳಿದ್ದು ಮಾತು. ಕೈಸನ್ನಿ ಮೋಸ ಆಗತೈತಿ.’

‘ನಿನ್ನ ಬಾವಿ, ನಿನ್ನ ಹುಡುಗಿ. ಮೋಸ ಆದ್ರ ಯಾರ ಕೇಳತಾರ ಲೇ?’

ಕೇಳುವವರಿದ್ದರು. ಅದೇ ತೊಡಕು. ಮೇಲಾಗಿ ಆ ಕೋಣೆಯಲ್ಲಿ ಒಂದು ಸಾಲು ಹೇಳಿದರೆ ಗಂಟಲು ತಾನಾಗಿ ನಿಲ್ಲುತ್ತಿತ್ತು, ಹೂಂ ಬರಲಿ ಅಂತ. ಫ್ಯಾನು ತಿರುಗುತ್ತಿತ್ತು. ಶಾಹಿಸ್ತಾ ಎದುರಿಗೆ ಕೂತು ಹೂಂ ಅಂದು ನೋಡಿದಳು, ಆದರೆ ಅವಳ ಕಣ್ಣು ಮೊಬೈಲಿನ ಮೇಲೆ. ನಾನು ಸಾಲು ಮುಗಿಸುವ ಮೊದಲೇ ‘ಹ್ಞಾಂ ಹ್ಞಾಂ, ಮುಂದ?’ ಅನ್ನುತ್ತಿದ್ದಳು.

ತಿಕೋಟಾದಿಂದ ಚಂದ್ರಕಲಾ ಅನ್ನುವಾಕೆ ಪ್ರತಿ ವರ್ಷ ದ್ರಾಕ್ಷಿ ಒಣಗಿಸುವ ಹೊತ್ತಿಗೆ ನನಗೆ ದನಿ ಮೆಸೇಜು ಕಳಿಸುತ್ತಿದ್ದಳು. ಮನೂಕ, ಅಂದರೆ ಒಣದ್ರಾಕ್ಷಿ, ಆರಿಸುವ ಶೆಡ್ಡಿನಲ್ಲಿ ಅವಳೂ ಅವಳ ಓಣಿಯ ಹೆಂಗಸರೂ ಕೆಲಸಕ್ಕೆ ಹೋಗುತ್ತಾರೆ. ಕಡ್ಡಿ ಕೀಳುತ್ತ, ಬಣ್ಣ ಬೇರೆ ಮಾಡುತ್ತ ನನ್ನ ಕಥೆ ಹಚ್ಚಿಕೊಂಡು ಕೇಳುತ್ತಾರೆ. ‘ಅವಸರ ಏನಿಲ್ರಿ ಅಕ್ಕಾರ, ಈ ವರ್ಷನೂ ಮೊದಲನೇದ್ನ ಹಚ್ಚಾಕತ್ತೇವ್ರಿ,’ ಅನ್ನುತ್ತಿದ್ದಳು. ಈ ಸಲದ ಮೆಸೇಜಿನಲ್ಲಿ ಅವಳ ದನಿ ಬೇರೆ ಇತ್ತು.

‘ಅವಸರ ಏನಿಲ್ರಿ ಅಕ್ಕಾರ. ಅಂದ್ರ, ಐತ್ರಿ ಸ್ವಲ್ಪ. ನಮ್ಮತ್ತಿ ದುಂಡವ್ವಗ ಒಂದು ಕಿವಿ ಪೂರಾ ಹೋಗೇತ್ರಿ. ಇನ್ನೊಂದು ಹೋಗಾಕತ್ತೈತಿ. ಮಿಷಿನ್ ಹಾಕಿಸಿದ್ರ ಬರೇ ಗುಂಯ್ ಅಂತೈತಂತ, ತಗದ ಒಗದಾಳ. ಮಳಿಗಾಲ ಮುಗಿಯೂದ್ರಾಗ ಇದೂ ಹೋಗತೈತಿ ಅಂತ ಡಾಕ್ಟರು ಅಂದಾರ್ರಿ. ಮತ್ತ ಆ ಗಂಟ ನೋಡ್ರಿ. ನಿಮ್ಮ ಕಥಿ ಮೊದಲ ಕೇಳಿದ ದಿನ ಯಾರದೋ ಮನಿ ಊಟ ಮುಗಿಸಿ ಇಲಕಲ್ಲ ಸೀರಿ ಉಟ್ಕೊಂಡ ಶೆಡ್ಡಿಗೆ ಬಂದಿದ್ದಳ್ರಿ. ನೀವು ಹಾಕ್ಕೊಳ್ರಿ ಅಂದ್ರಿ, ಹಾಕ್ಕೊಂಡಳು. ನಾವೆಲ್ಲಾ ಹಾಕ್ಕೊಂಡು ಮನಿಗೆ ಹೋಗಿ ಬಿಚ್ಚಿದಿವಿ. ಈಕಿ ಬಿಚ್ಚವಲ್ಲಳು. ಮೊಮ್ಮಗಳ ಮದುವ್ಯಾಗೂ ಗಂಟಿನ ಸೆರಗ ಹೊತ್ಕೊಂಡ ಅಕ್ಷತಾ ಹಾಕಿದಳ್ರಿ. ಬೀಗರೆಲ್ಲಾ ಸೆರಗಿನ್ಯಾಗ ಬಂಗಾರ ಕಟ್ಟಿಟ್ಟಾಳ ಅಂತ ತಿಳಕೊಂಡಿದ್ರು.’

ಕಡೆಗೆ ಅವಳು ನಕ್ಕಳು. ನಾನು ಮತ್ತೆ ಮೊದಲಿನಿಂದ ಕೇಳಿದೆ. ‘ಇದೂ ಹೋಗತೈತಿ’ ಅನ್ನುವಲ್ಲಿ ನಿಲ್ಲಿಸಿ ಮತ್ತೆ ಹಿಂದಕ್ಕೆ ಒಯ್ದು ಕೇಳಿದೆ.

ನಾಳೆ ಬರುತ್ತೇನೆ ಅಂತ ಬರೆದೆ. ಯಾಕಂತ ಬರೆಯಲಿಲ್ಲ. ಮನಸ್ಸಿನಲ್ಲಿದ್ದದ್ದು ಇಷ್ಟೆ: ಹೋಗುವುದು, ಎರಡನೇ ಭಾಗ ಬರುವುದಿಲ್ಲ ಅಂತ ಹೇಳಿಬಿಡುವುದು, ಕೈಮುಗಿದು ಆ ಮುದುಕಿಯ ಗಂಟು ಬಿಚ್ಚಿ ಬರುವುದು. ಕಾಯುವವರೇ ಇಲ್ಲದಿದ್ದರೆ ಹೂವಕ್ಕ ಬಾವಿಯಲ್ಲಿದ್ದರೇನು, ಮೇಲಿದ್ದರೇನು.

ತಿಕೋಟಾದ ಬಸ್ಸಿನಲ್ಲಿಯೂ ಮೂಕಿಯಾಗಿ ಕೂತು ಹೋದೆ. ಸ್ಟ್ಯಾಂಡಿಗೆ ಚಂದ್ರಕಲಾ ಬಂದಿದ್ದಳು. ಗಟ್ಟಿ ಮೈಯ, ದೊಡ್ಡ ಹೆಜ್ಜೆಯ ಹೆಂಗಸು. ದಾರಿಯುದ್ದಕ್ಕೂ ಅವಳೇ ಮಾತಾಡಿದಳು, ನನ್ನನ್ನು ಒಂದೂ ಕೇಳಲಿಲ್ಲ. ಕೇಳಬಾರದು ಅಂತ ಶೆಡ್ಡಿನ ಹೆಂಗಸರೆಲ್ಲ ಮಾತಾಡಿಕೊಂಡಿದ್ದರು ಅಂತ ಆಮೇಲೆ ತಿಳಿಯಿತು.

ಶೆಡ್ಡು ಅಂದರೆ ಕಂಬಗಳ ಮೇಲೆ ತಗಡು, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ. ಅದರ ಮೇಲೆ ದ್ರಾಕ್ಷಿ ಒಣಗುತ್ತದೆ. ಮಧ್ಯಾಹ್ನದ ಝಳಕ್ಕೆ ಸಿಹಿಯೂ ಹುಳಿಯೂ ಕೂಡಿದ ವಾಸನೆ ಗಂಟಲಿಗೆ ಹತ್ತುತ್ತಿತ್ತು. ನೆರಳಿನಲ್ಲಿ ಹೆಂಗಸರು ದುಂಡಗೆ ಕೂತಿದ್ದರು, ನಡುವೆ ಮನೂಕದ ರಾಶಿ. ದುಂಡಿನಲ್ಲಿ ಒಂದು ಜಾಗ ಖಾಲಿ ಇಟ್ಟು ಮಡಿಚಿದ ಚೀಲ ಹಾಸಿದ್ದರು. ನಾನು ಕೂತೆ. ಎಡಕ್ಕೊಬ್ಬರು, ಬಲಕ್ಕೊಬ್ಬರು ಸರಿದು ಕೂಡಿಕೊಂಡರು. ಇನ್ನು ಏಳಲು ದಾರಿ ಇರಲಿಲ್ಲ.

ಚಂದ್ರಕಲಾ ತನ್ನ ಮೊಬೈಲನ್ನು ರಾಶಿಯ ಮೇಲೆ ಇಟ್ಟು ರೆಕಾರ್ಡಿನ ಗುಂಡಿ ಒತ್ತಿದಳು. ‘ಉಳಿದ ಮಂದೀನೂ ಕಾಯಾಕತ್ತಾರಲ್ರಿ, ಅದಕ್ಕ.’

ನನ್ನ ಎದುರಿಗೆ ದುಂಡವ್ವ. ಸಣ್ಣ ಮುಖ, ಎರಡೂ ಕಡೆ ಮೂಗುಬೊಟ್ಟು. ದುಡಿಯುವ ಜಾಗದಲ್ಲಿ ಅವಳೊಬ್ಬಳೇ ಇಲಕಲ್ ಸೀರೆ ಉಟ್ಟಿದ್ದಳು. ಹಸಿರು ತೊಳೆದು ತೊಳೆದು ಬೂದಿ ಬಣ್ಣಕ್ಕೆ ಬಂದಿತ್ತು. ಸೆರಗಿನ ತುದಿಗೆ ಬಾರೆಹಣ್ಣಿನಷ್ಟು ಗಂಟು, ಕೈ ಹತ್ತಿ ಹತ್ತಿ ಕರ್ರಗಾಗಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮುಂದೆ ಸರಿದು ಗಂಟಿಗೆ ಕೈ ಹಾಕಿದೆ. ‘ಯವ್ವಾ, ಇದನ್ನ ಬಿಚ್ಚಿ ಹೋಗೂಣಂತ ಬಂದೇನಿ. ಕಥಿ...’ ಅಂದೆ.

ದುಂಡವ್ವ ಗಂಟನ್ನು ಮುಷ್ಟಿಯೊಳಗೆ ಎಳೆದುಕೊಂಡಳು. ಕಿವಿ ಕೇಳದವರ ದೊಡ್ಡ ದನಿಯಲ್ಲಿ, ‘ಆಕಿ ಮ್ಯಾಲ ಬಂದಳೇನು?’ ಅಂದಳು.

ನಾನು ತಲೆಯಾಡಿಸಿದೆ, ಇಲ್ಲ ಅಂತ.

‘ಹಂಗಾರ ಕೈ ಬಿಡು. ಈಗ ಬಿಚ್ಚಿದ್ರ ಮುಣಗತಾಳ. ಇದನ್ನ ಹಿಡಕೊಂಡ ನಿಂತಾಳ ಆಕಿ.’ ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ‘ನನಗೇನ ಅವಸರಿಲ್ಲವ್ವಾ. ಕಿವಿಗೆ ಐತಿ,’ ಅಂದಳು.

ಬರುವುದಿಲ್ಲ ಅನ್ನುವ ಮಾತು ನಾಲಿಗೆಯ ಮೇಲೆಯೇ ಇತ್ತು. ಹತ್ತಾರು ಕೈಗಳು ಮನೂಕದ ಮೇಲೆ ನಿಂತಿದ್ದವು. ಹಿಂದೆ ಬಲೆ, ಮೇಲೆ ತಗಡು, ಸುತ್ತ ಹೆಂಗಸರು. ನಾನು ಕೂತಿದ್ದದ್ದು ಬಾವಿಯ ತಳದಲ್ಲೇ. ಬೇರೆ ಏನೂ ತೋಚದೆ, ಕಥೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಒಂದು ಸಾಲು ಅಂದೆ.

‘ಹೂವಕ್ಕ ತಳದ ಮೆಟ್ಟಲ ಮ್ಯಾಲ ನಿಂತಿದ್ದಳು.’

‘ಹೂಂ,’ ಅಂದರು ಎಲ್ಲರೂ.

ದುಂಡವ್ವ ಅನ್ನಲಿಲ್ಲ. ಚಂದ್ರಕಲಾ ಬಗ್ಗಿ ಅತ್ತೆಯ ಉಳಿದ ಕಿವಿಗೆ ಬಾಯಿ ಹಚ್ಚಿ ಕೂಗಿದಳು, ‘ತಳದ ಮೆಟ್ಟಲ ಮ್ಯಾಲ ನಿಂತಿದ್ದಳಂತ.’ ದುಂಡವ್ವ ಆ ಮಾತನ್ನು ಬಾಯಲ್ಲಿ ಎಲೆಯಡಿಕೆಯಂತೆ ಆ ಕಡೆ ಈ ಕಡೆ ಹೊರಳಿಸಿದಳು. ಎಲ್ಲರೂ ಕಾಯುತ್ತಿದ್ದರು. ನಾನೂ ಕಾದೆ. ಅಂತೂ ಬಂತು.

‘ಹೂಂ.’

ಆಯಿಯದೇ ಹೂಂ. ಅಷ್ಟೇ ಉದ್ದ, ಕಡೆಗೆ ಅಷ್ಟೇ ಇಳಿತ. ಅದು ನನ್ನ ಎದುರು ಬಂದು ಕೂತಿತು. ಅದನ್ನು ನಾನು ಏನು ಮಾಡಲಿ? ‘ಹೂಂ’ ಅಂದವರಿಗೆ ತಿರುಗಿ ‘ಹೂಂ’ ಅನ್ನಲು ಬರುವುದಿಲ್ಲ. ಕಥೆ ಹೇಳುತ್ತಿರುವಾಕೆಗೆ ಮುಂದಿನದು ಹೇಳುವುದೊಂದೇ ದಾರಿ.

ಆಗ ಹೂವಕ್ಕ ಏನು ಅನ್ನಬೇಕು ಅನ್ನುವುದು ನನಗೆ ತಿಳಿದಿತ್ತು.

‘ಹೂವಕ್ಕ ಕೊಡ ಬೋರಲು ಹಾಕಿ ಅದರ ಮ್ಯಾಲ ಕುಂತಳು. ಏ ಬಾವಿ, ನಿನಗ ಬ್ಯಾಸರ ಯಾಕ ಬಂತು, ಮೊದಲಿಂದ ಹೇಳು ಅಂದಳು. ಮೊದಲಿಂದ ಹೇಳು, ಅಂತು ಬಾವಿ. ಹೂವಕ್ಕ ಮತ್ತ ಮಾತಾಡಲಿಲ್ಲ. ಕಾದಳು.’

ಹೆಂಗಸರ ಹೂಂ. ಆಮೇಲೆ ಚಂದ್ರಕಲಾಳ ಕೂಗು. ಆಮೇಲೆ ದುಂಡವ್ವನ ಹೂಂ. ಗೋಳಗುಮ್ಮಟದ ಗೋಡೆಗೆ ಪಿಸುಗುಟ್ಟಿದ ಮಾತು ಸುತ್ತು ಹಾಕಿ ಬರುವಂತೆ, ಪ್ರತಿ ಸಾಲೂ ದುಂಡು ತಿರುಗಿ ತಡವಾಗಿ ನನ್ನ ಬಳಿ ಬರುತ್ತಿತ್ತು. ಬರುವತನಕ ನಾನು ಕಾಯಬೇಕು. ಇಷ್ಟು ವರ್ಷ ಇವರು ಕಾದದ್ದು ಹೀಗೆ ಅಂತ ತಿಳಿಯಿತು, ಕೈಯಲ್ಲಿ ಕೆಲಸ ಮಾಡುತ್ತ, ಬಾಯಿಯನ್ನೇ ನೋಡುತ್ತ.

‘ಎಷ್ಟೋ ಹೊತ್ತು ಹೋತು. ಬಾವಿಗೆ ತಡೀಲಾರದಂಗ ಆತು. ಅದರ ಕತಿ ಅದಕ್ಕ ಯಾರೂ ಕೇಳಿದ್ದಿಲ್ಲ. ಮೆಲ್ಲಕ ಅಂತು, ನಾ ಸಣ್ಣಾಕಿ ಇದ್ದಾಗ ಬರೇ ಒಂದು ತಗ್ಗ ಇದ್ದೆ.’

‘ಹೂಂ.’

‘ಹೂವಕ್ಕನೂ ಹಂಗ ಅಂದಳು. ಹೂಂ ಅಂದಳು. ಬಾವಿ ರೂಢಿ ಪ್ರಕಾರ ಅದನ್ನ ತಿರುಗಿ ಅನ್ನಾಕ ಬಾಯಿ ತಗೀತು. ಆದ್ರ ತಾ ಹೂಂ ಅಂದ್ರ ತನ್ನ ಕತಿ ಅಲ್ಲೇ ನಿಲ್ಲತೈತಿ. ಗಂಟಲದಾಗ ಮುಂದಿಂದು ಬಂದು ಕುಂತೈತಿ. ನುಂಗಾಕ ಬರವಲ್ದು. ಹೂಂ ಬಿಟ್ಟು ಮುಂದಿಂದ ಹೇಳಿತು. ಗ್ವಾಡಿಯೊಳಗಿಂದ ಒಂದು ಮೆಟ್ಟಲ ಹೊರಗ ಬಂತು.’

ಸಕ್ರವ್ವ ಅನ್ನುವಾಕೆ ತೊಡೆ ತಟ್ಟಿಕೊಂಡಳು. ‘ನನ್ನ ಗಂಡಗ ನಾ ಹೂಂ ಅಂದ್ರ ಅಂವನೂ ಹೂಂ ಅಂತಾನ ನೋಡವ್ವ. ಮುಂದ ಒಂದಕ್ಷರ ಇಲ್ಲ.’

‘ಅಂವ ಬಾವಿ ಅಲ್ಲ ಬಿಡು. ನೀರಿಲ್ಲದ ಬೋರು,’ ಅಂದಳು ಇನ್ನೊಬ್ಬಳು.

ನಗು ಶೆಡ್ಡಿನ ತಗಡಿಗೆ ತಾಗಿತು. ಏನಾಯಿತು ಅಂತ ದುಂಡವ್ವ ಸೊಸೆಯ ಕೈ ಜಗ್ಗಿದಳು. ಅದನ್ನೂ ಕೂಗಿ ಹೇಳಬೇಕಾಯಿತು. ಅವಳು ನಗುವುದಕ್ಕೂ ನಾವು ಕಾದೆವು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬಳೇ ನಕ್ಕಳು, ಬೊಚ್ಚಬಾಯಿ ತೆರೆದು.

ಬಾವಿ ತನ್ನನ್ನು ತೋಡಿದವರ ಕಥೆ ಹೇಳಿತು. ಅವರ ಗುದ್ದಲಿಗೆ ಮೊದಲ ಸೆಲೆ ಒಡೆದಾಗ ಆದ ನೋವು ಹೇಳಿತು. ತನ್ನೊಳಗೆ ಬಿದ್ದ ಬಿಂದಿಗೆಗಳು, ಹಾರಿದ ಹೆಣ್ಣುಗಳು, ರಾತ್ರಿ ಬಂದು ನೀರಿನಲ್ಲಿ ಮುಖ ನೋಡಿಕೊಂಡ ಚಂದ್ರ, ಎಲ್ಲ ಹೇಳಿತು. ಇವ್ಯಾವೂ ನನಗೆ ಮೊದಲೇ ಗೊತ್ತಿರಲಿಲ್ಲ. ಒಂದೊಂದು ಹೂಂಗೆ ಒಂದೊಂದು ಎದ್ದು ಬಂದವು, ಒಂದೊಂದಕ್ಕೂ ಮೆಟ್ಟಿಲು. ನೆರಳು ಶೆಡ್ಡಿನ ಆ ಕಂಬದಿಂದ ಈ ಕಂಬಕ್ಕೆ ಸರಿಯಿತು. ಚಹಾ ಬಂದು ಆರಿ ಕೆನೆಗಟ್ಟಿತು. ಚಂದ್ರಕಲಾಳ ಗಂಟಲು ಒಡೆದಾಗ ಸಕ್ರವ್ವ ಪಾಳಿ ತೆಗೆದುಕೊಂಡಳು. ದುಂಡವ್ವನ ಕೆನ್ನೆ ಅವರಿಬ್ಬರ ಉಗುಳಿನಿಂದ ಒದ್ದೆಯಾಗಿತ್ತು. ಅವಳು ಒರೆಸಿಕೊಳ್ಳಲಿಲ್ಲ.

‘ಕಟ್ಟಕಡೀ ಮೆಟ್ಟಲ ಬಂತು. ಬಾವಿ ಕತಿನೂ ಮುಗೀತು. ಹೇಳಿ ಹೇಳಿ ಬಾವಿಗೆ ಅಳು ಬಂದಿತ್ತು. ಹೂವಕ್ಕ ನೆಟ್ಟಗ ಹಿಡದ ಕೊಡ ಅದರ ಕಣ್ಣೀರಿಗೆ ತುಂಬಿತ್ತು, ಬಾವಿನೂ ತುಂಬಾಕ ಹತ್ತಿತ್ತು. ಹೂವಕ್ಕ ತೊಯ್ದ ತಪ್ಪಡಿ ಆಗಿ ಮ್ಯಾಲ ಬಂದಳು. ಬಾವಿ ಕಟ್ಟಿ ಮ್ಯಾಲ ಯಾರೋ ಒಣದೊಂದು ಖಣ ಮಡಚಿ ಇಟ್ಟಿದ್ರು, ಹಳದಿ ಅಂಚಿಂದು. ಬಬಲೇಶ್ವರದವರು ಇಟ್ಟಿದ್ದಂತ. ಅದನ್ನ ಎದಿಗೊತ್ತಿಕೊಂಡು, ಕೊಡ ಹೊತ್ತು, ಊರ ಕಡೆ ನಡದಳು.’

‘ಹೂಂ,’ ಅಂದರು ಎಲ್ಲರೂ, ಸಣ್ಣ ದನಿಯಲ್ಲಿ.

ಸಕ್ರವ್ವ ಬಗ್ಗಿ ಕೂಗಿದಳು. ಸಾಲು ಉದ್ದವಿತ್ತು, ಎರಡು ಸಲ ಕೂಗಬೇಕಾಯಿತು. ನಾವು ಕಾದೆವು. ದುಂಡವ್ವ ಕಣ್ಣು ಮುಚ್ಚಿ ಅದನ್ನು ಹೊರಳಿಸುತ್ತಿದ್ದಳು, ಬಾವಿಯ ಕಟ್ಟೆಯಿಂದ ಊರಿನತನಕ ಹೂವಕ್ಕನ ಜೊತೆ ನಡೆದು ಹೋಗುತ್ತಿದ್ದವಳಂತೆ. ಈ ಸಲ ಹೂಂ ಬರಲಿಲ್ಲ. ಕಣ್ಣು ತೆರೆದು, ಮುಷ್ಟಿ ಬಿಡಿಸಿ, ಸೆರಗನ್ನು ನನ್ನ ಕಡೆಗೆ ಚಾಚಿದಳು.

ಗಂಟು ಕಲ್ಲಾಗಿತ್ತು. ಉಗುರು ಹೋಗಲಿಲ್ಲ. ಚಂದ್ರಕಲಾ ತಲೆಯಿಂದ ಪಿನ್ನು ತೆಗೆದು ಕೊಟ್ಟಳು, ಅದು ಬಾಗಿತು. ನಾನು ಬಗ್ಗಿ ಹಲ್ಲು ಹಚ್ಚಿದೆ. ಮನೂಕದ ಸಿಹಿ, ಬೆವರು, ಒಗೆಯುವ ಸಬಕಾರ ಎಲ್ಲ ಕೂಡಿದ ರುಚಿ ಬಾಯಿಗೆ ಬಂತು. ಒಂದೆಳೆ ಸಡಿಲಾಯಿತು, ಆಮೇಲೆ ಇನ್ನೊಂದು. ಯಾರೂ ಅವಸರ ಮಾಡಲಿಲ್ಲ. ಗಂಟು ಕೈಯಲ್ಲಿ ಬಿಚ್ಚಿಕೊಂಡಿತು. ಒಳಗಿನ ಮಡಿಕೆಯಲ್ಲಿ ಸೀರೆ ಅಂಗಡಿಯಿಂದ ತಂದ ದಿನದ ಹಾಗೆ ಹಚ್ಚಹಸಿರಾಗಿಯೇ ಇತ್ತು.